ಬಾಡಿಗೆ ಬಿಸಿಲು

ರಸ್ತೆಯಿಂದ ನೋಡಿದರೆ ನಾವಿಲ್ಲ.
ಬೆಂದೂರಿನ ಇಳಿಜಾರಿಗೆ ಆತುಕೊಂಡ ಕಟ್ಟಡ,
ಎಣಿಸಿದರೆ ನಾಲ್ಕು ಮಾಳಿಗೆ;
ನಮ್ಮದು ಎಣಿಕೆಗೆ ಸಿಗದ್ದು.
ಹದಿನಾಲ್ಕು ಮೆಟ್ಟಿಲು ಇಳಿದು, ಸ್ಕೂಟರುಗಳ ಸಂದಿಯಲ್ಲಿ ನುಸುಳಿ,
ನೀರಿನ ಪಂಪಿನ ಎದುರು ಚಪ್ಪಲಿ ಬಿಟ್ಟರೆ
ಅದೇ ಮನೆ.

"ಕತ್ತಲೆಯಾ? ಟ್ಯೂಬ್‌ಲೈಟ್ ಉಂಟಲ್ಲ ಮಾರಾಯ್ತಿ" ಅಂದಿದ್ದರು
ಧಣಿ ವಲೇರಿಯನ್ ಸೋಜರು, ಅಡ್ವಾನ್ಸ್ ಎಣಿಸುತ್ತಾ.
ಉಂಟು. ಎರಡುಂಟು.
ಹಗಲು ಹತ್ತಕ್ಕೂ ಉರಿಯುತ್ತವೆ, ಮೀಟರು ಓಡುತ್ತದೆ,
ಆ ಬೆಳಕಿಗೆ ಕಪ್ಪೂ ಕಡುನೀಲಿಯೂ ಒಂದೇ.
ಹಾಗಾಗಿಯೇ ಆದದ್ದು:
ಕಡುನೀಲಿ ರವಕೆಗೆ ಕಪ್ಪು ನೂಲು ಹಾಕಿಬಿಟ್ಟೆ.
ಬ್ಯಾಂಕಿನ ಶರ್ಮಿಳಾ ಮೇಡಂ ಬೈಯಲಿಲ್ಲ,
ಮೆಟ್ಟಿಲ ಮೇಲೆ ನಿಂತು ಹಗಲಿಗೆ ಹಿಡಿದು ತೋರಿಸಿದರು, ಅಷ್ಟೆ.
ಬೈದಿದ್ದರೆ ಮರೆಯುತ್ತಿದ್ದೆ.

ಕಿಟಕಿ ಇಲ್ಲವೆಂದಲ್ಲ.
ಹಿಂದೆ ಒಂದುಂಟು. ತೆರೆದರೆ ನಾಲ್ಕಡಿ ದೂರಕ್ಕೆ
ಮುರಕಲ್ಲಿನ ಗೋಡೆ, ಎರಡಾಳೆತ್ತರ,
ಪಾಚಿ ಕಟ್ಟಿ, ಕೆಂಪೂ ಅಲ್ಲ ಹಸಿರೂ ಅಲ್ಲ.
ಮೇಲೆ ಒಂದು ಸೀಳು ಆಕಾಶ,
ಕುತ್ತಿಗೆ ಹೊರಹಾಕಿದವರಿಗೆ ಮಾತ್ರ.

ಮೊದಲು ಒಳಗೆಲ್ಲ ಬಿಳಿ ಬಳಿದೆವು.
ಬಿಳಿ ಕತ್ತಲೆಯಾಯಿತು.
ಆಮೇಲೆ ಒಂದು ಭಾನುವಾರ, ಮೀನು ಹೆಚ್ಚಿಸುವಾಗ, ಇವರಿಗೆ ಹೊಳೆಯಿತು:
ಬಳಿಯಬೇಕಾದ್ದು ನಮ್ಮ ಗೋಡೆಗಲ್ಲ, ಎದುರಿನದ್ದಕ್ಕೆ.
ಆ ಗೋಡೆ ಯಾರದ್ದು? ಕೇಳಲಿಲ್ಲ.
ಏಣಿಯ ಮೇಲೆ ಇವರು, ಕೆಳಗೆ ಸುಣ್ಣದ ಬಕೆಟು ಹಿಡಿದು ನಾನು;
ತೆಂಗಿನ ಸಿಪ್ಪೆಯಲ್ಲಿ ಪಾಚಿ ಉಜ್ಜಿ ಉಜ್ಜಿ
ಮೂರು ಕೋಟು.

ಸಾಲಲಿಲ್ಲ.
ಬಂದರದ ಗಾಜಿನಂಗಡಿಯ ಇದಿನಬ್ಬಾಕ
ಮೂಲೆ ಒಡೆದ ಕನ್ನಡಿಯೊಂದು ಎತ್ತಿಕೊಟ್ಟರು,
ಯಾವುದೋ ಚಿನ್ನದಂಗಡಿಯಿಂದ ಕಳಚಿದ್ದು.
"ದುಡ್ಡು ಎಂತಕ್ಕೆ, ನನ್ನವಳಿಗೆ ಎರಡು ಲಂಗ ಹೊಲಿದುಕೊಡಿ."
ಗೋಡೆಯ ನೆತ್ತಿಗೆ ಅದನ್ನು ತಂತಿಯಲ್ಲಿ ಬಿಗಿದು
ಇವರು ಮೇಲಿಂದ ತಿರುಗಿಸುವುದು, ನಾನು ಒಳಗಿಂದ ಕೂಗುವುದು:
ಇನ್ನೂ ಸ್ವಲ್ಪ. ಬಲಕ್ಕೆ. ಅಯ್ಯೋ ಹೋಯಿತು. ಹಾಂ, ಹಾಂ, ಬಿಡಬೇಡಿ.

ಒಂದು ತುಂಡು ಬಿಸಿಲು
ಸೇಸಮ್ಮತ್ತೆಯ ಮಂಚದ ಕಾಲ ಬಳಿ ಬಿತ್ತು,
ಯಾರೋ ಕೈತಪ್ಪಿ ಬೀಳಿಸಿದ ಹಾಗೆ.

ಒಂಬತ್ತು ನಲವತ್ತರಿಂದ ಹತ್ತೂಕಾಲು, ಅದರ ಡ್ಯೂಟಿ.
ಅಷ್ಟರಲ್ಲಿ ದಿನದ ನೂಲೆಲ್ಲ ಆಯ್ದಿಟ್ಟುಕೊಳ್ಳುತ್ತೇನೆ.
ಅತ್ತೆಗೆ ಎರಡೂ ಕಣ್ಣಲ್ಲಿ ಪೊರೆ, ಬೆಳಕಿನ ಹಂಗಿಲ್ಲದವರು.
ಆದರೂ ಪಾದದಿಂದ ತಡವಿ ಬಿಸಿಲನ್ನು ಕಂಡುಹಿಡಿದು
ತಟ್ಟೆಯಲ್ಲಿ ಆರು ಹಲಸಿನ ಹಪ್ಪಳ ಹರಡಿ
ಅದು ಸರಿದಷ್ಟೂ ತಟ್ಟೆ ಸರಿಸುತ್ತಾ ಕೂತರು.
ಒಂಬತ್ತು ದಿನ ಹಿಡಿಯಿತು. ಒಂದಕ್ಕೆ ಬೂಸ್ಟು ಬಂತು.
"ಉಪ್ಪು ಕಡಿಮೆಯಾಯ್ತು" ಅಂದರು;
ಬಿಸಿಲನ್ನು ದೂರಲಿಲ್ಲ.

ಬೆಳಕು ಬಂದಮೇಲೆ ಕಂಡದ್ದೆಲ್ಲ ಚಂದವೂ ಅಲ್ಲ.
ಮಂಚದಡಿಗೆ ನೀರಿಳಿದ ಗೆರೆ, ಕಪಾಟಿನ ಹಿಂದೆ ಜೇಡನ ಸಂಸಾರ.
ಇವರ ಮೀಸೆ ಅರ್ಧ ನೆರೆತಿತ್ತು.
"ಇದು ಯಾವಾಗ?" ಎಂದೆ.
"ಕರೆಂಟು ಬಿಲ್ಲು ನೋಡು, ತಾರೀಕು ಸಿಗ್ತದೆ" ಎಂದರು.

ಸೋಜರು ಇಳಿದುಬಂದರು ಒಂದು ದಿನ, ಪಂಪು ನೋಡಲಿಕ್ಕೆ.
"ಒಳ್ಳೆ ಬೆಳಕುಂಟಲ್ಲ ಈಗ" ಎಂದು ಗೋಡೆ ತಟ್ಟಿ
"ಮುಂದಿನ ತಿಂಗಳಿಂದ ಐನೂರು ಜಾಸ್ತಿ ಆದೀತು."
ನಾನೂ ಇವರೂ ಮುಖ ಮುಖ ನೋಡಿಕೊಳ್ಳುವಾಗ
ಮಂಚದಿಂದ ಅತ್ತೆ:
"ಕತ್ತಲೆ ನಿಮ್ಮದು ಧಣಿಗಳೇ, ಅದಕ್ಕೆ ಬಾಡಿಗೆ ಕೊಡ್ತೇವೆ.
ಕನ್ನಡಿ ನಮ್ಮದು. ಹೋಗುವಾಗ ಬಿಚ್ಚಿಕೊಂಡು ಹೋಗ್ತೇವೆ."
ಸೋಜರು ನಕ್ಕರು. ಹಪ್ಪಳ ತಿಂದರು.
ಇನ್ನೂರೈವತ್ತಕ್ಕೆ ನಿಂತಿತು.

ಸೂರ್ಯನೂ ಒಂದೇ ಕಡೆ ಇರುವವನಲ್ಲ;
ಹದಿನೈದು ದಿನಕ್ಕೊಮ್ಮೆ ಏಣಿ ಇಟ್ಟು
ಕನ್ನಡಿಗೆ ಅವನ ಹೊಸ ವಿಳಾಸ ಹೇಳಿಕೊಡಬೇಕು.
ಮಳೆಗಾಲಕ್ಕೆ ಎಂತ ಮಾಡುವುದೋ ಗೊತ್ತಿಲ್ಲ.

ರಾತ್ರಿ ಎಲ್ಲ ಆರಿಸಿ ಮಲಗಿದ ಮೇಲೆ
ಮೇಲಿನ ಮಾಳಿಗೆಯ ಯಾರದೋ ಅಡುಗೆಮನೆಯ ದೀಪ
ಕನ್ನಡಿ ಹಿಡಿದು ಇಳಿದುಬಂದು
ನಮ್ಮ ನೆಲದ ಮೇಲೆ ಅಂಗೈಯಗಲ ನಿಲ್ಲುತ್ತದೆ.
ಪಾತ್ರೆ ತೊಳೆಯುತ್ತಿರಬೇಕು, ಆಗಾಗ ಅಲುಗುತ್ತದೆ.
ಅವರಿಗೆ ನಾವು ಹೇಳಿಲ್ಲ.