ಅಲುಗದ ಒಲೆ

ಬೇಕಲದ ಕಡೆ ಒಂದು ರೆಸಾರ್ಟು ಬಾಗಿಲು ಹಾಕುವಾಗ
ಕುರ್ಚಿ, ಛತ್ರಿ, ಮೂಗು ಹೋದ ಬುದ್ಧನ ತಲೆ
ಎಲ್ಲ ಬಿಟ್ಟು ಇವರು ಕೊಂಡದ್ದು ಇದನ್ನು:
ಹಸಿರು ಮೆರುಗಿನ, ಮೊಟ್ಟೆಯಾಕಾರದ,
ಗೋಡೆ ದಪ್ಪದ ಪಿಂಗಾಣಿ ಒಲೆ.
ತೂಕ ನೂರಹತ್ತು ಕಿಲೋ.

ಕೋಯಿಪ್ಪಾಡಿಯ ಹೊಯಿಗೆಯಲ್ಲಿ ಟೆಂಪೋದ ಚಕ್ರ ಹೂತಿತು.
ನೀಲಿ ಅಂಗಿಯ ಹೊರೆಯಾಳುಗಳು ಸುತ್ತ ನಿಂತು
ದೇವರ ಮೂರ್ತಿಯ ರೇಟೋ, ಫ್ರಿಜ್ಜಿನ ರೇಟೋ ಎಂದು
ಅರ್ಧ ಗಂಟೆ ಮಲಯಾಳದಲ್ಲಿ, ಅರ್ಧ ಗಂಟೆ ತುಳುವಿನಲ್ಲಿ.
ಕೊನೆಗೆ ಮಮ್ಮುಂಞಿಯ ತೀರ್ಪು:
"ಒಡೆದರೆ ಫ್ರಿಜ್ಜು, ಒಡೆಯದಿದ್ದರೆ ದೇವರು."
ಹಗ್ಗ, ಬಿದಿರು, ಐದು ಹೆಗಲು.
ಹಿತ್ತಿಲ ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂತಿತು.
ಮತ್ತೆ ಏಳಲಿಲ್ಲ.

ಗ್ಯಾಸು ಉಂಟು, ಸೌದೆಯ ಒಲೆ ಉಂಟು, ಇದು ಯಾಕೆ? ಅಂದೆ.
ಇವರು ಇಪ್ಪತ್ತೇಳು ವರ್ಷ ಹಡಗಿನ ಅಡುಗೆಯವರು.
ಎಣ್ಣೆ ಹೊತ್ತ ಹಡಗಿನಲ್ಲಿ
ಬೆಂಕಿಕಡ್ಡಿಯೂ ಕಳ್ಳಮಾಲಂತೆ.
ಕರೆಂಟಿನ ಕಬ್ಬಿಣದ ತಟ್ಟೆ, ಪಾತ್ರೆ ಜಾರದಂತೆ ಸುತ್ತ ಕಂಬಿ,
ಸಾರು ಕುದಿಯುವುದಕ್ಕಿಂತ ತುಳುಕುವುದೇ ಹೆಚ್ಚು.
"ಅಲುಗದ್ದು ಒಂದು ಬೇಕಿತ್ತು," ಅಂದರು,
ಹಸಿರು ಹೊಟ್ಟೆಯನ್ನು ಅಂಗೈಯಿಂದ ಒರೆಸುತ್ತ.

ಪತ್ತನಾಜೆಯ ಮರುದಿನ ಸೇಸಕ್ಕ ಬಂದಳು, ಮೀನಿನ ಅಳಗೆ ಮಾರುತ್ತ.
ತಲೆಯ ಬುಟ್ಟಿ ಇಳಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು,
ಕಿವಿಯಿಟ್ಟು ಇನ್ನೊಮ್ಮೆ.
"ಮಣ್ಣು ಒಳ್ಳೆಯದು. ಬೆಂದದ್ದೂ ಹದ.
ಒಳಗೆ ಎಲ್ಲೋ ಒಂದು ಸೀಳು ಉಂಟು, ಕೂದಲಷ್ಟು.
ಸಾಯುವುದಿಲ್ಲ. ಮೊದಲು ಏಳು ಸಲ ಸಣ್ಣ ಬೆಂಕಿ ಕೊಡಿ,
ಬಿಸಿ ಇರುವಾಗ ನೀರು ತೋರಿಸಬೇಡಿ."
ಬೆಲೆ ಕೇಳಿ ಬೆರಳು ಮಡಚಿ ಲೆಕ್ಕ ಹಾಕುತ್ತ
ಮುನ್ನೂರು ಅಳಗೆಯ ತನಕ ಹೋಗಿ, ನಗಾಡಿ, ನಿಲ್ಲಿಸಿದಳು.
ನಾನು ಎರಡು ಕೊಂಡೆ.
ಚೌಕಾಸಿಗೆ ಬಾಯಿ ಬರಲಿಲ್ಲ.

ಗೆರಟೆಯ ಕೆಂಡ. ಕೆಳಗೊಂದು ಕಿಟಕಿ, ನೆತ್ತಿಗೊಂದು ತೂತು.
ಊದುವ ಕೊಳವೆ ಬೇಡ.
ಕಿಟಕಿಯನ್ನು ಅಕ್ಕಿಕಾಳಿನಷ್ಟು ಸರಿಸಿದರೆ
ಒಳಗಿನ ಋತುವೇ ಬೇರೆ.
ಇವರು ಕನ್ನಡಕ ಹಾಕಿ ಮುಳ್ಳು ನೋಡುತ್ತ ಕೂರುತ್ತಾರೆ,
ಕಪ್ತಾನನ ಹಾಗೆ.
ಆ ಮೇಲಿನ ಕೋಣೆಗೆ ಚಾ ಕೊಂಡುಹೋದದ್ದು ಬಿಟ್ಟರೆ
ಕೂತದ್ದಿಲ್ಲ ಒಂದು ದಿನವೂ.

ಮೂರನೆಯ ಸಲ, ಅವಸರ. ಮುಚ್ಚಳ ಪೂರ್ತಿ ಎತ್ತಿದರು.
ಹಸಿದ ಬೆಂಕಿ ಗಾಳಿ ಕಂಡದ್ದೇ ಭುಗ್ಗೆಂದು ಎದ್ದು
ಎರಡೂ ಹುಬ್ಬು ತಿಂದಿತು.
ಮದುವೆಯ ಫೋಟೋದ ಅದೇ ಆಶ್ಚರ್ಯ ಮುಖದಲ್ಲಿ.
ಈಗ ಗೊತ್ತು: ಮೊದಲು ಒಂದು ಬೆರಳು ಎತ್ತಬೇಕು,
ಕಾಯಬೇಕು, ಒಳಗಿನದು ಉಸಿರು ಬಿಡಬೇಕು,
ಆಮೇಲೆ ತೆರೆಯಬೇಕು.
ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.
ವರ್ಷಕ್ಕೊಮ್ಮೆ ರಜೆಯಲ್ಲಿ ಈ ಮನುಷ್ಯ ಬಂದಾಗ
ಮೊದಲ ವಾರವಿಡೀ ನಾನು ಕೇಳುತ್ತಿದ್ದದ್ದು ಇಷ್ಟೇ:
ಉಪ್ಪು ಸಾಕಾ? ಚಾ ಇಡಲಾ?

ನಿನ್ನೆ ಜೀಗುಜ್ಜೆ. ಸಿಪ್ಪೆ ಸಮೇತ, ಇಡಿಯಾಗಿ.
ಹೊರಗೆ ಇದ್ದಿಲಾಗಿ ಬಿರಿದು
ಒಳಗಿನ ಬಿಳಿ ಹಬೆಯಾಡಿತು.
ತೆಂಗಿನೆಣ್ಣೆ, ಕಲ್ಲುಪ್ಪು, ಗಾಂಧಾರಿ ಮೆಣಸು.
ಪಕ್ಕದಲ್ಲಿ ಶಿರಿಯ ಹೊಳೆಯ ಮರುವಾಯಿ,
ಬಿಸಿ ತಾಗಿ ಒಂದೊಂದೇ ಬಾಯಿ ಬಿಟ್ಟವು.
ಒಂದು ಬಿಡಲೇ ಇಲ್ಲ.
ಅದನ್ನು ತಿನ್ನಬಾರದು ಎಂದರು ಇವರು.
ತೆಂಗಿನ ಬುಡಕ್ಕೆ ಎಸೆದೆ.

ರಾತ್ರಿ ಕೆಳಗಿನದು, ಮೇಲಿನದು ಎರಡೂ ಮುಚ್ಚಿದೆವು.
ಬೆಂಕಿ ಆರಿತು. ಉಳಿದ ಇದ್ದಿಲು ನಾಳೆಗೆ.
ಬಿಸಿ ಮಾತ್ರ ಹೋಗಲಿಲ್ಲ.
ಎರಡು ಗಂಟೆಗೆ ಎಚ್ಚರಾದರೆ ಇವರು ಹಾಸಿಗೆಯಲ್ಲಿಲ್ಲ.
ಹಿತ್ತಿಲ ಕಟ್ಟೆಯಲ್ಲಿ, ಬನಿಯನಿನಲ್ಲಿ,
ಒಲೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬಾಯಿ ತೆರೆದು ನಿದ್ದೆ.
ತೆಂಗುಗಳಾಚೆ ಕಡಲು ತನ್ನ ಪಾಡಿಗೆ ಬೊಬ್ಬೆ ಹಾಕುತ್ತಿತ್ತು.

ಎಬ್ಬಿಸಲಿಲ್ಲ. ಬೈರಾಸ ಹೊದೆಸಿ
ಇನ್ನೊಂದು ಬದಿಗೆ ನಾನೂ ಬೆನ್ನು ಕೊಟ್ಟೆ.
ಸೇಸಕ್ಕ ಹೇಳಿದ ಆ ಸೀಳು
ಯಾರ ಕಡೆಗೆ ಉಂಟೋ.