ಆರು ಸ್ಟೂಲು

ಗವಾನ್ ಚೌಕಿನ ಹಿಂದಿನ ಗಲ್ಲಿ.
ಮೊದಲು ಹೊಲಿಗೆ ಯಂತ್ರ ರಿಪೇರಿ ಇದ್ದ ಮಳಿಗೆ.
ಈಗ ಆರೇ ಸ್ಟೂಲು, ಒಂದು ಹಲಗೆ,
ಹಲಗೆಯಾಚೆ ಮುಕೀಮ;
ಹನ್ನೊಂದು ವರ್ಷ ದೋಹಾದಲ್ಲಿ ಸವೆದ ಚಾಕು
ಅವನ ಜೊತೆಗೇ ಬಿದರಿಗೆ ಬಂದಿದೆ.

ಮೀನು ಹೈದರಾಬಾದಿನಿಂದ, ರೈಲಿನಲ್ಲಿ,
ಐಸಿನ ಡಬ್ಬಿಯೊಳಗೆ.
ನಮ್ಮ ಜಗದೇವಿ ಕಾಕಿಗೆ ಸೌತೆಕಾಯಿ ಸುಶಿ ಮಾತ್ರ:
ಅದಕ್ಕೆ ಬೇರೆ ಚಾಕು, ಬೇರೆ ಮಣೆ,
ಕೇಳುವ ಮೊದಲೇ ತೊಳೆದಿಟ್ಟಿದ್ದ.

ಕಾಕಿ ಸೆರಗಿನಿಂದ ಸ್ಟೂಲು ಒರೆಸಿ ಕೂತು
ಅವನ ಕೈಯನ್ನೇ ನೋಡಿದಳು.
ನೀರಲ್ಲಿ ಅದ್ದಿ, ಒಂದು ಚಪ್ಪಾಳೆ,
ಅನ್ನಕ್ಕೆ ಎರಡೇ ಒತ್ತು.
‘ರೊಟ್ಟಿ ಬಡಿಯೋ ಕೈ ಅದ ಇವಂದು,
ಹಿಟ್ಟು ಬ್ಯಾರೆ, ಅಷ್ಟೇ.’

ಪುಂಡಿ ಚಟ್ನಿ ಅಂದುಕೊಂಡು
ಹಸಿರು ಉಂಡೆಯನ್ನ ಒಮ್ಮೆಲೇ ಬಾಯಿಗಿಟ್ಟಳು.
ಮೂಗು ಹಿಡಿದಳು. ಕಣ್ಣು ಹರಿಯಿತು.
ನಗಬಾರದೆಂದು ನಾನು ಗೋಡೆಯ ಗಡಿಯಾರ ನೋಡಿದೆ.

ಕಡ್ಡಿ ಇಡಲು ಬೆರಳಷ್ಟು ಬಿದ್ರಿ ತುಂಡು,
ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ,
ಅರ್ಧಕ್ಕೇ ನಿಂತ ಬಳ್ಳಿ.
‘ತಾಟೂ ಇದರದೇ ಮಾಡಸಬಾರದಾ?’
‘ಸತು ಅದ ಕಾಕಿ, ಹುಳಿಗೆ ಆಗಿಬರಂಗಿಲ್ಲ.’
‘ಇದು ಯಾಕ ಅರ್ಧಾ?’
‘ಅಬ್ಬಾ ಕೆತ್ತಿದ್ದು. ಕಣ್ಣು ಹೋದವು.’

ಕಾಕಿಯ ಕಣ್ಣು ಇನ್ನೂ ಹರಿಯುತ್ತಿತ್ತು,
ಒರೆಸಿಕೊಳ್ಳಲಿಲ್ಲ.
ಬಳ್ಳಿ ನಿಂತಲ್ಲಿ ಹೆಬ್ಬೆರಳು ಇಟ್ಟು ಕೂತಳು.

ಉಳಿದ ನಾಲ್ಕು ಸ್ಟೂಲು ಖಾಲಿ.
ಶುಕ್ರವಾರ ಏರ್‌ಫೋರ್ಸಿನವರು ಬರ್ತಾರಂತೆ.
ಎದ್ದು, ದುಡ್ಡು ಎಣಿಸಿ, ಬಾಗಿಲಲ್ಲಿ ತಿರುಗಿ:
‘ಎಳ್ಳು ಹುರದದ್ದು ಸಾಲದು ತಮ್ಮಾ.
ನಾಳಿ ನಮ್ಮ ಮನೀದು ಕಳಸ್ತೀನಿ.’