ಹಳೇ ಗಾದಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೆಂಗಸರು, ನಲವತ್ತೊಂದು ಮಂದಿ,
ಶನಿವಾರ ಬೆಳಗ್ಗೆ ಸಾಲಾಗಿ ಕೂತು ತೋಳು ಚಾಚಿದರು,
ಬಳೆ ಮೇಲೆ ಸರಿಸಿ, ಮುಖ ಆಚೆ ತಿರುಗಿಸಿ.
ಸೂಜಿ ಹಿಡಿದವಳು ನಾನು.
ಹದಿನೇಳನೆಯವಳು ನನ್ನ ಅವ್ವ, ಹೊನ್ನೂರಮ್ಮ.
ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ,
ಬರೀ ಹದಿನೇಳು.

ನಾಲ್ಕು ತಿಂಗಳಿಗೆ ಬಂತು ಫಲಿತಾಂಶ.
ಜೀನು ಒಂದೂ ಕೆಟ್ಟಿಲ್ಲ. ಹುಟ್ಟುವಾಗ ತಂದ
ಅಕ್ಷರ ಅಕ್ಷರವೂ ಇದೆ.
ಆದರೆ ಅಲ್ಲಲ್ಲಿ, ಉಬ್ಬಸ ತಡೆಯಬೇಕಾದ ಒಂದರ ಮೇಲೂ,
ಮೀಥೈಲ್ ಎಂಬ ಸಣ್ಣ ಗುರುತು:
ಕ ನೆತ್ತಿಗೊಂದು ಕೊಂಡಿ ಹಾಕಿ ಕ್ ಮಾಡಿದ ಹಾಗೆ.
ಅಕ್ಷರ ಅಲ್ಲೇ ಇದೆ,
ಉಸಿರು ಹೋಗಿದೆ.

ಇದನ್ನು ಅವ್ವನಿಗೆ ಹೇಳುವುದು ಹೇಗೆ?
ಶಾಲೆಗೆ ಹೋಗದವಳಿಗೆ ಕ ಯಾವುದು, ಕ್ ಯಾವುದು.
ರಾತ್ರಿ ಅವಳ ಕೂದಲಿನಿಂದ ಟೈರಿನ ಹೊಗೆ ತೊಳೆಯುತ್ತ ಅಂದೆ:
ನೂಲು ಉಂಡಿ ಸುತ್ತಿದಂಗ ಒಳಗ ಸುತ್ತಿರ್ತತಿ ಅವ್ವ,
ಹೊಗಿ ಕುಡುದೂ ಕುಡುದೂ ಸುತ್ತು ಬಿಗಿ ಆಗ್ತತಿ.
ಬಿಗಿಯಾದ ಕಡೆ ಓದಾಕ ಬರಂಗಿಲ್ಲ.

ಚೊಂಬು ಹಿಡಿದ ಅವಳ ಕೈ ನಿಂತಿತು.
'ಗಾದಿ' ಅಂದಳು.
'ನಿಮ್ಮ ತಾತ ಬಿಲ್ಲು ಹೊತ್ಕೊಂಡು ಮಂಡಿಪೇಟಿ ತುಂಬ ತಿರುಗ್ತಿದ್ನಲ್ಲ,
ಹತ್ತು ವರ್ಷ ಮಲಗಿದ ಗಾದಿ ಕಲ್ಲಾಗಿರ್ತಿತ್ತು.
ಹತ್ತಿ ಎಲ್ಲಿ ಹೋಗಿರ್ತತಿ? ಅದರಾಗ ಇರ್ತತಿ.
ತಂತಿ ಮಿಡುದ್ರ ಎದ್ದು ಬರ್ತಿತ್ತು, ಕ್ವಾಣಿ ತುಂಬ.'

ಎರಡು ವರ್ಷ ಫೀಸು ಕಟ್ಟಿ ನಾನು ಕಲಿತದ್ದೂ ಇಷ್ಟೇ.

'ನಂದೂ ಹಿಂಜಿ ಬಿಡಿಸ್ಬೌದೇನು?'
ಕೆಲವು ಬಿಡ್ತಾವಂತ, ಹೊಗಿ ಬಿಟ್ರ. ಕೆಲವು ಗೊತ್ತಿಲ್ಲ.
'ಹೊಗಿ ಬಿಟ್ರ' ಅಂದಳು.
ನಕ್ಕಳೋ ಕೆಮ್ಮಿದಳೋ ಕತ್ತಲಲ್ಲಿ ಕಾಣಲಿಲ್ಲ.
ತಾತನ ಎದೆಯಲ್ಲೂ ಹತ್ತಿಯ ನವಿರು ಕೂತಿತ್ತು;
ಊರಿನ ಗಾದಿ ಬಿಡಿಸಿದವನ ಮೂಗಿಗೆ
ಒಂದು ಬಟ್ಟೆ ಇರಲಿಲ್ಲ.

ನಸುಕಿಗೆ ಭಟ್ಟಿ ಹತ್ತಿತು. ಅವ್ವ ಹೊರಟಳು.
ಕಾದ ಮರಳಿಗೆ ಅಕ್ಕಿ ಬಿದ್ದ ಸದ್ದು ಹಿತ್ತಿಲವರೆಗೆ.

ಲ್ಯಾಬಿನಲ್ಲಿ ಖಾಲಿ ಫಾರಮು ಒಂದು ಉಳಿದಿತ್ತು.
'ನೀವು ಗರ್ಭದಲ್ಲಿದ್ದಾಗ ತಾಯಿ ಮಾಡುತ್ತಿದ್ದ ಕೆಲಸ?'
ಏಳು ತಿಂಗಳವರೆಗೆ ಭಟ್ಟಿ.
ಆಮೇಲೂ ಭಟ್ಟಿ.
ಎಡತೋಳಿಗೆ ಪಟ್ಟಿ ಸುತ್ತಿ, ಹಲ್ಲಲ್ಲಿ ಕಚ್ಚಿ ಬಿಗಿದು,
ಟ್ಯೂಬಿನ ಮೇಲೆ ಮೊದಲು ಬರೆದೆ:
ನಲವತ್ತೆರಡು.